ಫೋನಿಗೆ ‘ಆ…’ ಅಂದರೆ ಗಂಟಲ ಕ್ಯಾನ್ಸರ್ ಗೊತ್ತಾಗುತ್ತದೆಯೇ?

“ಫೋನಿನ ಮುಂದೆ ಹತ್ತು ಸೆಕೆಂಡ್ ‘ಆ…’ ಅನ್ನಿ. ಗಂಟಲಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಎಐ ಹೇಳುತ್ತದೆ. ಆಸ್ಪತ್ರೆ ಬೇಡ, ಖರ್ಚಿಲ್ಲ.” ಈ ಅರ್ಥದ ಫಾರ್ವರ್ಡ್‌ಗಳು ನಿಮ್ಮ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ದನಿಯನ್ನು ಯಂತ್ರದಿಂದ ಅಳೆದು ಗಂಟಲಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸುವ ವಿದ್ಯೆ ಇದೆ, ನಮ್ಮ ರಾಜ್ಯದಲ್ಲೇ ದಶಕಗಳಿಂದ ಬಳಕೆಯಲ್ಲಿದೆ. ಆದರೆ ಆ ‘ಏನೋ’ ಕ್ಯಾನ್ಸರೋ, ಗಂಟೋ, ಬರೀ ನೆಗಡಿಯೋ ಎಂದು ಹೇಳುವ ಶಕ್ತಿ ಇವತ್ತಿನ ಯಾವ ಫೋನಿಗೂ ಇಲ್ಲ.

ಆ್ಯಪ್ ಒಬ್ಬರಿಗೆ ‘ರೋಗ ಇದೆ’ ಎಂದು ತಪ್ಪು ಹೇಳಿದರೆ ಅವರು ಹೆದರಿ ಡಾಕ್ಟರ ಬಳಿ ಓಡುತ್ತಾರೆ, ಏನೂ ಇಲ್ಲ ಅನ್ನಿಸಿಕೊಂಡು ಮರಳುತ್ತಾರೆ. ಅದೇ ಆ್ಯಪ್ ಎರಡು ತಿಂಗಳಿಂದ ದನಿ ಒಡೆದಿರುವ ಬೀಡಿ ಸೇದುವ ಒಬ್ಬರಿಗೆ ‘ಏನೂ ಇಲ್ಲ’ ಎಂದು ಹೇಳಿದರೆ? ಅವರು ನಿಶ್ಚಿಂತೆಯಿಂದ ಇನ್ನಾರು ತಿಂಗಳು ಮನೆಯಲ್ಲೇ ಕುಳಿತುಬಿಡುತ್ತಾರೆ. ನಮಗೆ ಹೆಚ್ಚು ಚಿಂತೆ ಇರುವುದು ಈ ಎರಡನೆಯವರ ಬಗ್ಗೆ.

ಈ ಮಾತು ಹುಟ್ಟಿದ್ದು ಎಲ್ಲಿ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ‘ದನಿಯಿಂದ ಕ್ಯಾನ್ಸರ್ ಪತ್ತೆ’ ಎಂಬ ಶೀರ್ಷಿಕೆಗಳು ಜಗತ್ತಿನ ಎಲ್ಲೆಡೆ ಹರಿದಾಡಿದವು. ಅಧ್ಯಯನದಲ್ಲಿ ಇದ್ದದ್ದು ಇಷ್ಟು: ಉತ್ತರ ಅಮೆರಿಕದ 306 ಜನರ 12,523 ದನಿಮುದ್ರಣಗಳನ್ನು ಪರೀಕ್ಷಿಸಿದರು. ಇವರಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಇದ್ದವರು, ಅಪಾಯವಿಲ್ಲದ ಗಂಟು ಇದ್ದವರು, ಬೇರೆ ದನಿ ತೊಂದರೆ ಇದ್ದವರು, ಯಾವ ತೊಂದರೆಯೂ ಇಲ್ಲದವರು ಎಲ್ಲ ಸೇರಿದ್ದರು. ಗಂಡಸರ ದನಿಯ ಕೆಲವು ಅಳತೆಗಳಲ್ಲಿ ಈ ಗುಂಪುಗಳ ನಡುವೆ ವ್ಯತ್ಯಾಸ ಕಂಡಿತು. ಹೆಂಗಸರ ದನಿಯಲ್ಲಿ ಅಂಥ ಉಪಯುಕ್ತ ಸೂಚನೆ ಸಿಗಲಿಲ್ಲ. ಇನ್ನೂ ದೊಡ್ಡ ಸಂಖ್ಯೆಯ ಜನರ ಮೇಲೆ ಪರೀಕ್ಷೆ ಆಗಬೇಕು ಎಂದು ಸಂಶೋಧಕರೇ ಹೇಳಿದರು.

ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಕಾಣುವುದು ಒಂದು. ಎದುರಿಗಿರುವ ಒಬ್ಬ ವ್ಯಕ್ತಿಗೆ ರೋಗ ಇದೆ ಅಥವಾ ಇಲ್ಲ ಅನ್ನುವುದು ಇನ್ನೊಂದು. ಸರಾಸರಿಯಲ್ಲಿ ಗಂಡಸರು ಹೆಂಗಸರಿಗಿಂತ ಎತ್ತರ. ಹಾಗಂತ ‘ಐದೂವರೆ ಅಡಿ ಎತ್ತರ’ ಎಂದಷ್ಟೇ ಹೇಳಿದರೆ ಅದು ಗಂಡಸೋ ಹೆಂಗಸೋ ಹೇಳಲಾಗುತ್ತದೆಯೇ? ಅಧ್ಯಯನದಿಂದ ಫಾರ್ವರ್ಡ್‌ಗೆ ಬರುವ ದಾರಿಯಲ್ಲಿ ಕಳೆದುಹೋದದ್ದು ಈ ಅಂತರ.

ದನಿಯಲ್ಲಿ ಯಂತ್ರ ಏನನ್ನು ಅಳೆಯುತ್ತದೆ?

ಕುತ್ತಿಗೆಯ ಮುಂದೆ ಕೈಯಿಟ್ಟು ‘ಅಮ್ಮಾ’ ಅನ್ನಿ. ಬೆರಳಿಗೆ ತಾಗುವ ನಡುಕ ಧ್ವನಿಪೆಟ್ಟಿಗೆಯದು. ಅದರೊಳಗೆ ಎರಡು ಪುಟ್ಟ ಧ್ವನಿತಂತುಗಳಿವೆ. ಹೆಸರು ತಂತು, ನೋಡಲು ಮೆತ್ತನೆಯ ಮಡಿಕೆಗಳು, ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಶ್ವಾಸಕೋಶದಿಂದ ಬರುವ ಗಾಳಿ ಇವನ್ನು ಬಿಡಿಸುತ್ತದೆ, ಅವು ಮತ್ತೆ ಕೂಡಿಕೊಳ್ಳುತ್ತವೆ. ಮಾತಾಡುವಾಗ ಇದು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ನಡೆಯುತ್ತದೆ. ಒಂದು ಲೆಕ್ಕ ಹಾಕಿ: ಶಾಲೆಯ ಟೀಚರ್ ಒಬ್ಬರ ದನಿ ದಿನದಲ್ಲಿ ಒಟ್ಟು ಒಂದು ಗಂಟೆ ನುಡಿದರೂ ಆ ಮಡಿಕೆಗಳು 7,20,000 ಸಲ ಒಂದಕ್ಕೊಂದು ಬಡಿದಿರುತ್ತವೆ. ಸಂತೆಯಲ್ಲಿ ಕೂಗುವವರು, ಡೊಳ್ಳಿನ ಪದಕ್ಕೆ ರಾತ್ರಿಯಿಡೀ ದನಿಯೆತ್ತಿ ಹಾಡುವವರು, ಗದ್ದಲದ ತರಗತಿಯಲ್ಲಿ ಪಾಠ ಮಾಡುವವರು ಇವರಿಗೆಲ್ಲ ಗಂಟಲು ಕೈಕೊಡುವುದು ಯಾಕೆಂದು ಈ ಸಂಖ್ಯೆಯೇ ಹೇಳುತ್ತದೆ.

ಆರೋಗ್ಯವಾಗಿರುವ ಧ್ವನಿತಂತುಗಳ ಬಡಿತ ಬಹುತೇಕ ಸಮವಾಗಿರುತ್ತದೆ, ಆದರೆ ಪೂರ್ತಿ ಸಮ ಅಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ಸಮಯದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಇದನ್ನು ‘ಜಿಟರ್’ ಎನ್ನುತ್ತಾರೆ. ಬಡಿತದ ಜೋರಿನಲ್ಲಿ ಆಗುವ ಏರುಪೇರು ‘ಶಿಮ್ಮರ್’. ಮೂರನೆಯ ಅಳತೆ ನಮಗೆ ಹೆಚ್ಚು ಇಷ್ಟವಾಗುವುದು: ದನಿಯಲ್ಲಿ ನಾದ ಎಷ್ಟು, ಗದ್ದಲ ಎಷ್ಟು ಎಂಬ ಅನುಪಾತ. ಎರಡು ಮಡಿಕೆಗಳ ನಡುವೆ ಗಂಟು ಬಂದು ಅವು ಪೂರ್ತಿ ಕೂಡಿಕೊಳ್ಳದಿದ್ದರೆ ಸಂದಿಯಿಂದ ಗಾಳಿ ಸೋರುತ್ತದೆ. ಬಾಗಿಲ ಸಂದಿಯಲ್ಲಿ ಗಾಳಿ ‘ಸುಯ್’ ಅನ್ನುವ ಹಾಗೆ ಅದು ದನಿಗೆ ಬೆರೆಯುತ್ತದೆ. ಈ ಅನುಪಾತ 20 ಡೆಸಿಬಲ್ ಇದ್ದರೆ ದನಿಯ ಶಕ್ತಿಯಲ್ಲಿ 99 ಪಾಲು ನಾದ, ಒಂದೇ ಪಾಲು ಗದ್ದಲ. ಸೊನ್ನೆಗೆ ಇಳಿದರೆ ಎರಡೂ ಸರಿಸಮ. 2025ರ ಅಧ್ಯಯನದಲ್ಲಿ ಗಂಡಸರ ಗುಂಪುಗಳ ನಡುವೆ ವ್ಯತ್ಯಾಸ ತೋರಿಸಿದ ಅಳತೆಗಳಲ್ಲಿ ಇದೂ ಒಂದು.

ನಮ್ಮ ಹಿರಿಯರ ಕಿವಿಗೂ ಈ ಅಳತೆ ಗೊತ್ತಿತ್ತು. ಗೊಗ್ಗರು ದನಿ, ಒಡಕು ದನಿ, ಸೋರುವ ದನಿ, ನಡುಗುವ ದನಿ ಎಂದು ನಾವು ಬೇರೆ ಬೇರೆ ಹೆಸರಿಡುತ್ತೇವಲ್ಲ. ದನಿ ತಜ್ಞರು ಜಗತ್ತಿನಾದ್ಯಂತ ಬಳಸುವ ಜಪಾನಿ ಮಾಪಕವೊಂದಿದೆ. ಅದರಲ್ಲಿಯೂ ಒರಟು, ಗಾಳಿ ಸೋರಿಕೆ, ನಿಶ್ಶಕ್ತಿ, ಬಿಗಿತ ಎಂಬಂಥ ವಿಭಾಗಗಳೇ ಇವೆ. ಯಂತ್ರ ಮಾಡುವುದು ಕಿವಿ ಹಿಡಿದದ್ದಕ್ಕೆ ಅಂಕಿ ಕೊಡುವ ಕೆಲಸ. ಇದಕ್ಕೆ ಬೇಕಾದ ‘ಪ್ರಾಟ್’ ಎಂಬ ತಂತ್ರಾಂಶವನ್ನು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಇಬ್ಬರು ರೂಪಿಸಿ ಉಚಿತವಾಗಿ ಕೊಟ್ಟಿದ್ದಾರೆ. ಯಾವ ವಿದ್ಯಾರ್ಥಿಯಾದರೂ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಬಹುದು. ಹಾಗಾಗಿ ‘ಗುಪ್ತ ತಂತ್ರಜ್ಞಾನ’, ‘ವಿದೇಶಿ ಯಂತ್ರ’ ಎಂದು ಯಾರಾದರೂ ಹಣ ಕೇಳಿದರೆ ಎಚ್ಚರ.

ಅಂಕಿ ಇದೆ, ಕಾರಣ ಇಲ್ಲ

ತಿಕೋಟಾದ ಒಬ್ಬ ರೈತರ ದನಿಯಲ್ಲಿ ಗಾಳಿ ಸೋರುತ್ತಿದೆ ಎಂದು ಯಂತ್ರ ತೋರಿಸಿತು ಎಂದುಕೊಳ್ಳಿ. ಯಾಕೆ ಸೋರುತ್ತಿದೆ? ಕೂಗಿ ಕೂಗಿ ಬಂದ ಗಂಟಿರಬಹುದು. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದ ದಿನ ಕೆರಳಿದ ಗಂಟಲಿರಬಹುದು. ಹೊಟ್ಟೆಯ ಆಮ್ಲ ಮೇಲೆ ಬಂದು ಸುಟ್ಟಿರಬಹುದು. ಥೈರಾಯ್ಡ್ ಆಪರೇಷನ್ ಆದಾಗ ನರಕ್ಕೆ ಪೆಟ್ಟಾಗಿರಬಹುದು. ಕ್ಷಯ ಧ್ವನಿಪೆಟ್ಟಿಗೆಗೆ ಹಬ್ಬಿರಬಹುದು. ಕ್ಯಾನ್ಸರೂ ಇರಬಹುದು.

ಇನ್ನೊಂದು ಸಾಧ್ಯತೆಯನ್ನು ತುಂಬ ಜನ ಊಹಿಸುವುದೇ ಇಲ್ಲ. ಎಡಗಡೆಯ ಧ್ವನಿತಂತುವಿಗೆ ಹೋಗುವ ನರ ಮೆದುಳಿನಿಂದ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎದೆಯೊಳಕ್ಕೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲೆ ಹತ್ತುತ್ತದೆ. ಹೀಗಾಗಿ ಶ್ವಾಸಕೋಶದ ಹತ್ತಿರ ಬೆಳೆದ ಗಡ್ಡೆಯೊಂದು ಆ ನರವನ್ನು ಒತ್ತಿದರೆ ಮೊದಲು ಕೆಡುವುದು ದನಿ. ಗಂಟಲಲ್ಲಿ ನೋವಿಲ್ಲ, ಕೆಮ್ಮೂ ಇಲ್ಲದಿರಬಹುದು, ಬರೀ ದನಿ ಬಿದ್ದಿದೆ. ಈ ರೋಗಿಯ ಅಂಕಿಗಳೂ ಥೈರಾಯ್ಡ್ ಆಪರೇಷನ್ ಆದವರ ಅಂಕಿಗಳೂ ಒಂದೇ ರೀತಿ ಕಾಣಬಹುದು. ಒಬ್ಬರ ತೊಂದರೆ ಕುತ್ತಿಗೆಯಲ್ಲಿ, ಇನ್ನೊಬ್ಬರದು ಎದೆಯಲ್ಲಿ.

ಇದಕ್ಕಿಂತ ವಿಚಿತ್ರವಾದ ಮಿತಿಯೊಂದಿದೆ. ಜಿಟರ್, ಶಿಮ್ಮರ್ ಲೆಕ್ಕ ಹಾಕಬೇಕಾದರೆ ತಂತ್ರಾಂಶ ಮೊದಲು ಒಂದೊಂದು ಬಡಿತವನ್ನೂ ಬೇರೆಯಾಗಿ ಗುರುತಿಸಬೇಕು. ದನಿ ತೀರಾ ಒಡೆದುಹೋಗಿದ್ದರೆ ಬಡಿತ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದೇ ಸಿಗುವುದಿಲ್ಲ. ಆಗ ಬರುವ ಅಂಕಿಗೆ ಅರ್ಥವಿಲ್ಲ. ಬಹುಪಾಲು ಸಮವಾಗಿರುವ ದನಿಗೆ ಮಾತ್ರ ಈ ಅಳತೆಗಳನ್ನು ನಂಬಬೇಕು ಎಂದು ಅಮೆರಿಕದ ದನಿ ವಿಜ್ಞಾನಿಗಳು 1995ರಲ್ಲೇ ಒಮ್ಮತಕ್ಕೆ ಬಂದಿದ್ದರು. ಅಂದರೆ ಯಾರಿಗೆ ಪರೀಕ್ಷೆ ಅತ್ಯಂತ ಜರೂರೋ ಅವರ ದನಿಯ ಮೇಲೆಯೇ ಈ ಹಳೆಯ ಅಳತೆಗಳು ಸೋಲುತ್ತವೆ. ಹೊಸ ಅಳತೆಗಳು ಈ ಕೊರತೆಯನ್ನು ಸ್ವಲ್ಪ ತುಂಬಿವೆ. ಆದರೆ ನಿಮ್ಮ ಕೈಯ ಉಚಿತ ಆ್ಯಪ್ ಯಾವುದನ್ನು ಬಳಸುತ್ತದೆ ಎಂದು ಅದು ಹೇಳುವುದಿಲ್ಲ.

ಫೋನು, ಫ್ಯಾನು, ಗೋಳಗುಮ್ಮಟ

ವಿಜಯಪುರದವರಿಗೆ ಒಂದು ವಿಷಯ ವಿವರಿಸಬೇಕಿಲ್ಲ: ದನಿ ಎಲ್ಲಿ ಹೊರಟಿತು ಎಂಬುದರ ಮೇಲೆ ಅದು ಕೇಳುವ ರೀತಿ ಬದಲಾಗುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಒಮ್ಮೆ ಕೂಗಿದರೆ ಅದು ಹಲವು ಸಲ ಮರಳಿ ಬರುತ್ತದೆ. ಅಲ್ಲಿ ನಿಂತು ‘ಆ…’ ಎಂದು ಮುದ್ರಿಸಿದರೆ ನಿಮ್ಮ ಈಗಿನ ದನಿಯ ಮೇಲೆ ಕ್ಷಣದ ಹಿಂದಿನ ದನಿ ಬಂದು ಕೂರುತ್ತದೆ. ಯಂತ್ರಕ್ಕೆ ಅದು ಗದ್ದಲ. ಗುಮ್ಮಟವೇಕೆ, ಬೋಳು ಗೋಡೆಯ ಖಾಲಿ ಕೋಣೆ, ತಲೆಯ ಮೇಲೆ ತಿರುಗುವ ಫ್ಯಾನು, ಹೊರಗೆ ಟ್ರ್ಯಾಕ್ಟರು ಇವೂ ಸಣ್ಣ ಪ್ರಮಾಣದಲ್ಲಿ ಅದೇ ಕೆಲಸ ಮಾಡುತ್ತವೆ. ಆರೋಗ್ಯವಾದ ಗಂಟಲಿಗೂ ರೋಗದ ಅಂಕಿ ಬರಬಹುದು.

ತಿರುಗಾ ಆಗುವುದೂ ಉಂಟು. ವಾಟ್ಸಾಪ್ ವಾಯ್ಸ್ ನೋಟ್ ಕಡಿಮೆ ಡೇಟಾದಲ್ಲಿ ಹೋಗಲೆಂದು ದನಿಯನ್ನು ಕುಗ್ಗಿಸುತ್ತದೆ. ಎಷ್ಟೋ ಫೋನುಗಳು ಗದ್ದಲವನ್ನು ತಾವಾಗಿಯೇ ಅಳಿಸಿ ಮಾತನ್ನು ಸ್ವಚ್ಛ ಮಾಡುತ್ತವೆ. ಮಾತು ಅರ್ಥವಾಗಲು ಇದು ಒಳ್ಳೆಯದೇ. ಆದರೆ ದನಿ ತಜ್ಞರು ಹುಡುಕುತ್ತಿರುವುದು ಅದೇ ಗದ್ದಲವನ್ನು! ಕೊಳೆ ಪತ್ತೆಹಚ್ಚಲು ಕೊಡುವ ಬಟ್ಟೆಯನ್ನು ಒಗೆದು ಕೊಟ್ಟ ಹಾಗೆ.

ಕೊರೊನಾ ಕಲಿಸಿದ್ದು

ಹತ್ತು ಸೆಕೆಂಡ್ ಉಸಿರು ಬಿಗಿಹಿಡಿದರೆ ಕೊರೊನಾ ಇಲ್ಲ ಎಂಬ ಫಾರ್ವರ್ಡ್ ನೆನಪಿದೆಯೇ? ಅದು ಶುದ್ಧ ಸುಳ್ಳು. ಅದೇ ಹೊತ್ತಿಗೆ ನಿಜವಾದ ವಿಜ್ಞಾನಿಗಳೂ ದನಿಯಿಂದ, ಕೆಮ್ಮಿನಿಂದ ಕೊರೊನಾ ಹಿಡಿಯಬಹುದೇ ಎಂದು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2020ರಲ್ಲಿ ಶುರುವಾದ ‘ಕೊಸ್ವರ’ ಯೋಜನೆ ಅಂಥದ್ದು. ಜನ ತಮ್ಮ ಫೋನಿನಲ್ಲೇ ಉಸಿರಾಟ, ಕೆಮ್ಮು, ಉದ್ದನೆಯ ಸ್ವರ, ಒಂದರಿಂದ ಇಪ್ಪತ್ತರ ಎಣಿಕೆಯನ್ನು ಮುದ್ರಿಸಿ ಕಳಿಸಿದರು. 2,635 ಜನರ ಮುದ್ರಣಗಳನ್ನು ಸಂಸ್ಥೆ ಜಗತ್ತಿನ ಸಂಶೋಧಕರೆಲ್ಲ ಬಳಸುವಂತೆ ಬಿಡುಗಡೆ ಮಾಡಿತು. ಕರ್ನಾಟಕದಿಂದ ಹೋದ ಒಳ್ಳೆಯ ಕೊಡುಗೆ ಇದು.

ಬ್ರಿಟನ್ನಿನಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 67,842 ಜನರ ದನಿ, ಜೊತೆಗೆ ಪ್ರಯೋಗಾಲಯದ ಕೊರೊನಾ ವರದಿ. ಮೊದಲ ಲೆಕ್ಕದಲ್ಲಿ ಎಐ ಭರ್ಜರಿ ಅಂಕ ಪಡೆಯಿತು: ಒಂದಕ್ಕೆ 0.85. ಇಲ್ಲಿ ಒಂದು ಅಂದರೆ ತಪ್ಪೇ ಇಲ್ಲದ ಗುರುತು, ಅರ್ಧ ಅಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ. ಆಮೇಲೆ ಸಂಶೋಧಕರು ವಯಸ್ಸು, ಲಿಂಗ, ರೋಗಲಕ್ಷಣಗಳು ಒಂದೇ ಥರ ಇರುವ ರೋಗಿಗಳನ್ನೂ ಆರೋಗ್ಯವಂತರನ್ನೂ ಜೋಡಿ ಮಾಡಿ ಮತ್ತೆ ಲೆಕ್ಕ ಹಾಕಿದರು. ಅಂಕ 0.62ಕ್ಕೆ ಕುಸಿಯಿತು. ಎಐ ಕಲಿತದ್ದರಲ್ಲಿ ದೊಡ್ಡ ಪಾಲು ಕೊರೊನಾದ ದನಿಯಾಗಿರಲಿಲ್ಲ, ಯಾರು ಪರೀಕ್ಷೆಗೆ ಬಂದಿದ್ದರು ಎಂಬುದರ ಗುರುತಾಗಿತ್ತು. ‘ಜ್ವರ ಇದೆಯಾ, ಕೆಮ್ಮು ಇದೆಯಾ’ ಎಂದು ಕೇಳುವ ಸಾದಾ ಪ್ರಶ್ನಾವಳಿಗಿಂತ ಇದು ಮೇಲು ಎಂಬುದಕ್ಕೆ ಪುರಾವೆ ಇಲ್ಲ ಎಂದು 2024ರಲ್ಲಿ ಬರೆದರು. ‘ನಮ್ಮ ಎಐ 95% ನಿಖರ’ ಎಂಬ ಜಾಹೀರಾತು ಕಂಡಾಗ ನಾವು ಈ ಪ್ರಯೋಗವನ್ನು ನೆನೆಯುತ್ತೇವೆ. ಗಂಟಲ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದ, ಧೂಮಪಾನಿ ಗಂಡಸರಲ್ಲಿ ಕಾಣುವಂಥದ್ದು. ಯಂತ್ರ ಕ್ಯಾನ್ಸರ್ ಗುರುತಿಸುತ್ತಿದೆಯೋ, ಬರೀ ವಯಸ್ಸಾದ ಬೀಡಿ ದನಿಯನ್ನು ಗುರುತಿಸುತ್ತಿದೆಯೋ?

ಇನ್ನು ಶೇಕಡಾವಾರಿನ ಮೋಸ. ಇದು ಕಾಲ್ಪನಿಕ ಲೆಕ್ಕ, ಆದರೆ ಮಾಡಿ ನೋಡಿ. ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕು ಸೇರಿ 10,000 ಜನ ಆ್ಯಪ್ ಬಳಸಿದರು, ಅವರಲ್ಲಿ 10 ಜನರಿಗೆ ನಿಜವಾಗಿ ಕ್ಯಾನ್ಸರ್ ಇದೆ ಎಂದುಕೊಳ್ಳಿ. ರೋಗ ಇದ್ದವರಲ್ಲೂ ಇಲ್ಲದವರಲ್ಲೂ ಆ್ಯಪ್ 90% ಸರಿ. ಹಾಗಾದರೆ 10ರಲ್ಲಿ 9 ಜನ ಸಿಕ್ಕಿಬೀಳುತ್ತಾರೆ, ಒಬ್ಬರು ತಪ್ಪಿಸಿಕೊಳ್ಳುತ್ತಾರೆ. ರೋಗವಿಲ್ಲದ 9,990 ಜನರಲ್ಲಿ 999 ಜನರಿಗೆ ‘ಕ್ಯಾನ್ಸರ್ ಇರಬಹುದು’ ಎಂಬ ಸಂದೇಶ ಹೋಗುತ್ತದೆ. ಒಟ್ಟು 1,008 ಜನ ಹೆದರಿ ನಿದ್ದೆಗೆಟ್ಟರು, ಅವರಲ್ಲಿ ರೋಗಿಗಳು 9. ಆ ತಪ್ಪಿಸಿಕೊಂಡ ಒಬ್ಬರ ಕೈಯಲ್ಲಿ ‘ನಾರ್ಮಲ್’ ಎಂಬ ಹಸಿರು ಟಿಕ್ ಇದೆ.

ಹಾಗಾದರೆ ಈ ವಿದ್ಯೆ ದಂಡವೇ?

ಅಲ್ಲವೇ ಅಲ್ಲ. ಸರಿಯಾದ ಕೈಯಲ್ಲಿ ಬಹಳ ಉಪಯುಕ್ತ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ದನಿಯ ಅಳತೆ ಪರೀಕ್ಷೆಯ ಒಂದು ಭಾಗ. ಅಲ್ಲಿ ಅಳತೆಯ ಜೊತೆ ರೋಗಿಯ ಕತೆ ಕೇಳುತ್ತಾರೆ, ಗಂಟಲ ಒಳಗೆ ನೋಡುತ್ತಾರೆ, ದೀರ್ಘವಾಗಿ ‘ಆ’ ಎಷ್ಟು ಹೊತ್ತು ಹಿಡಿಯಬಲ್ಲಿರಿ ಎಂದು ಗಡಿಯಾರ ಹಿಡಿಯುತ್ತಾರೆ. ಇಲ್ಲಿ ಅಂಕಿಯ ನಿಜವಾದ ಉಪಯೋಗ ಹೋಲಿಕೆ: ಇವತ್ತಿನ ನಿಮ್ಮ ದನಿಯನ್ನು ಆರು ವಾರದ ದನಿ ಚಿಕಿತ್ಸೆಯ ನಂತರದ ನಿಮ್ಮದೇ ದನಿಯ ಜೊತೆ. ಟೀಚರುಗಳ, ಹಾಡುಗಾರರ ಗಂಟುಗಳು ಎಷ್ಟೋ ಸಲ ಕತ್ತರಿಯಿಲ್ಲದೆ, ದನಿ ಬಳಸುವ ರೀತಿ ತಿದ್ದಿಕೊಳ್ಳುವುದರಿಂದಲೇ ಇಳಿಯುತ್ತವೆ. ಇಳಿಯುತ್ತಿದೆಯೇ ಎಂದು ತಿಳಿಯಲು ಅಂಕಿ ಸಹಾಯಕ್ಕೆ ಬರುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಿಮ್ಹಾನ್ಸ್ ಜೊತೆ ಸೇರಿ ಪಾರ್ಕಿನ್ಸನ್, ಎಎಲ್ಎಸ್‌ನಂಥ ನರರೋಗಗಳಲ್ಲಿ ಮಾತು ಹೇಗೆ ಬದಲಾಗುತ್ತದೆ ಎಂದು ಯಂತ್ರದಿಂದ ಗುರುತಿಸುವ ಕೆಲಸ ಮಾಡುತ್ತಿದ್ದಾರೆ. ಇದು ನಮ್ಮ ಭಾಗದವರಿಗೆ ಮುಖ್ಯ ಅನ್ನಿಸುವುದು ದೂರದ ಕಾರಣಕ್ಕೆ. ವಿಜಯಪುರದಿಂದ ಬೆಂಗಳೂರು 500 ಕಿಲೋಮೀಟರ್‌ಗೂ ಹೆಚ್ಚು. ರೋಗ ಈಗಾಗಲೇ ಗೊತ್ತಾಗಿರುವ ಒಬ್ಬರು ಪ್ರತಿ ಸಲ ಅಷ್ಟು ದೂರ ಹೋಗುವ ಬದಲು ಮನೆಯಿಂದಲೇ ದನಿ ಕಳಿಸಿ ಏರುಪೇರು ತಿಳಿಯುವ ದಿನ ಬಂದರೆ ಅದು ದೊಡ್ಡ ಉಪಕಾರ.

ದನಿ ಬಿದ್ದರೆ ಏನು ಮಾಡಬೇಕು?

‘ಗಂಟಲ ಕುಂತೈತಿ’ ಎಂದು ನಾವು ಹೇಳುವ ಬಹುಪಾಲು ಸಂದರ್ಭ ನೆಗಡಿಯದು, ಒಂದೆರಡು ವಾರದಲ್ಲಿ ತಾನೇ ಏಳುತ್ತದೆ. ಮೂರು ವಾರ ದಾಟಿದರೂ ದನಿ ಮರಳದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಅಮೆರಿಕದ ವೈದ್ಯರ 2018ರ ಮಾರ್ಗಸೂಚಿ ನಾಲ್ಕು ವಾರದೊಳಗೆ ಸರಿಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ನೋಡಲೇಬೇಕು ಅನ್ನುತ್ತದೆ. ಬೀಡಿ, ಸಿಗರೇಟು, ಮದ್ಯದ ಅಭ್ಯಾಸ ಇದ್ದವರು, ಕುತ್ತಿಗೆಯಲ್ಲಿ ಗಂಟು ಕಂಡವರು, ನುಂಗಲು ಕಷ್ಟವಾಗುವವರು, ಉಗುಳಿನಲ್ಲಿ ರಕ್ತ ಕಂಡವರು, ಆಪರೇಷನ್ ಆದ ಮೇಲೆ ದನಿ ಕೆಟ್ಟವರು ವಾರ ಎಣಿಸುತ್ತ ಕೂರಬಾರದು. ಉಸಿರಾಡುವಾಗ ಗೊರಗೊರ ಸದ್ದು ಬಂದರೆ ಅದು ತುರ್ತು, ಅಂದೇ ಆಸ್ಪತ್ರೆಗೆ.

ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಅಲ್-ಅಮೀನ್ ವೈದ್ಯಕೀಯ ಕಾಲೇಜು ಎರಡೂ ಇವೆ. ತಿಕೋಟಾದಿಂದಲೂ ಬಬಲೇಶ್ವರದಿಂದಲೂ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ಮನೆ. ವೈದ್ಯರು ಬಾಯಿಯಲ್ಲಿ ಪುಟ್ಟ ಕನ್ನಡಿ ಹಿಡಿದು ಅಥವಾ ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ ಧ್ವನಿತಂತುಗಳನ್ನು ಕಣ್ಣಾರೆ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ಸಾಮಾನ್ಯವಾಗಿ ಪ್ರಜ್ಞೆ ತಪ್ಪಿಸುವುದೂ ಇಲ್ಲ. ಅಂದ ಹಾಗೆ ಈ ಕನ್ನಡಿಯ ಉಪಾಯವನ್ನು ಜಗತ್ತಿಗೆ ಪರಿಚಯಿಸಿದ್ದು ವೈದ್ಯರಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. 1854ರಲ್ಲಿ ಹಲ್ಲಿನ ವೈದ್ಯರ ಕನ್ನಡಿ ಮತ್ತು ಬಿಸಿಲು ಬಳಸಿ ತಮ್ಮದೇ ಧ್ವನಿತಂತು ಕುಣಿಯುವುದನ್ನು ನೋಡಿದರು.

ಧ್ವನಿತಂತುವಿನಲ್ಲೇ ಹುಟ್ಟುವ ಕ್ಯಾನ್ಸರಿಗೆ ಒಂದು ಗುಣವಿದೆ: ಸಣ್ಣದಿರುವಾಗಲೇ ದನಿ ಕೆಡಿಸಿ ಸುಳಿವು ಕೊಡುತ್ತದೆ. ಆ ಮೊದಲ ಹಂತದಲ್ಲಿ ಚಿಕಿತ್ಸೆ ಪಡೆದವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ, ಬಹಳಷ್ಟು ಮಂದಿಗೆ ದನಿಯೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು.

ಅಲ್ಲಿಯವರೆಗೆ ಮನೆಯಲ್ಲಿ? ನೀರು ಕುಡಿಯಿರಿ, ಕೂಗಬೇಡಿ, ಹೊಗೆ ಬಿಡಿ. ಮೆಣಸು-ಬೆಲ್ಲ, ಜ್ಯೇಷ್ಠಮಧು ಗಂಟಲಿಗೆ ಹಿತ ಕೊಡುತ್ತವೆ, ಅಡ್ಡಿಯಿಲ್ಲ. ಆದರೆ ನುಂಗಿದ್ದು ಯಾವುದೂ ಧ್ವನಿತಂತುವಿಗೆ ತಾಗುವುದಿಲ್ಲ. ಅದು ಗಾಳಿಯ ದಾರಿಯಲ್ಲಿದೆ, ಊಟದ ದಾರಿಯಲ್ಲಿ ಅಲ್ಲ. ತಾಗಿದರೆ ನೀವು ಕೆಮ್ಮಿ ಒದ್ದಾಡುತ್ತೀರಿ. ಬರೀ ದನಿ ಕಟ್ಟಿದ್ದಕ್ಕೆ ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದೂ ಬೇಡ. ನೆಗಡಿಯಿಂದ ದನಿ ಕೂರುವುದು ಹೆಚ್ಚಾಗಿ ವೈರಸ್ಸಿನಿಂದ, ಅದಕ್ಕೆ ಆ ಮಾತ್ರೆ ನಾಟುವುದಿಲ್ಲ.

ಫೋನನ್ನು ಬಳಸಲೇಬೇಕೆಂದಿದ್ದರೆ ಹೀಗೆ ಬಳಸಿ. ಫ್ಯಾನ್ ಆರಿಸಿ, ಹಾಸಿಗೆ-ಬಟ್ಟೆ ಇರುವ ಕೋಣೆಯಲ್ಲಿ ಕೂತು, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ರೆಕಾರ್ಡರ್ ಆ್ಯಪಿನಲ್ಲಿ ಐದು ಸೆಕೆಂಡ್ ‘ಆ…’ ಎನ್ನಿ, ನಂತರ ಒಂದರಿಂದ ಇಪ್ಪತ್ತು ಎಣಿಸಿ, ತಾರೀಕು ಹೇಳಿ. ವಾರಕ್ಕೊಮ್ಮೆ ಇಷ್ಟು ಸಾಕು. ಯಾವ ಅಪರಿಚಿತ ಆ್ಯಪಿಗೂ ಕಳಿಸಬೇಡಿ, ದನಿಯನ್ನು ನಕಲು ಮಾಡಿ ಮನೆಯವರಿಗೆ ಕರೆ ಮಾಡಿ ಹಣ ಕೀಳುವ ಕಾಲವಿದು. ವೈದ್ಯರ ಮುಂದೆ ಕೂತಾಗ ಮೂಲ ಕಡತವನ್ನೇ ಕೇಳಿಸಿ. ‘ಯಾವಾಗಿಂದ?’ ಎಂಬುದು ಅವರ ಮೊದಲ ಪ್ರಶ್ನೆಯಾಗಿರುತ್ತದೆ, ಉತ್ತರ ನಿಮ್ಮ ಜೇಬಿನಲ್ಲಿರುತ್ತದೆ.